ಹೆಗ್ಗಣದ ಈಜು

ಮಾಂಜ್ರಾ ನದಿಯ ದಡದಲ್ಲಿ ಕಬ್ಬು ಬೆಳೆಯುವ ಭಾಲ್ಕಿ, ಔರಾದ, ಬೀದರ ಸೀಮೆಯ ಭೂಮಾಲಿಕರಿಗೆ ಹೆಗ್ಗಣದ ಉಪದ್ರವವು ಹೊಸದಲ್ಲ. ಬಿಲಕ್ಕೆ ನೀರು ಹರಿಸಿ, ಅದು ಸತ್ತಿತೆಂದು ನಂಬಿ ಮನೆಗೆ ಹೋದವರು ಕೆಲವೇ ದಿನಗಳಲ್ಲಿ ಅದೇ ಒಡ್ಡಿನ ಮೇಲೆ ಹೊಸ ಮಣ್ಣಿನ ಗುಪ್ಪೆಯನ್ನು ಕಾಣುವುದುಂಟು. ಹೆಗ್ಗಣವು ಚೆನ್ನಾಗಿ ಈಜಬಲ್ಲದು.

ಆಸ್ಟ್ರೇಲಿಯದ ನೀರಿಲಿಗೆ ಹಿಂಗಾಲಿನ ಬೆರಳುಗಳ ನಡುವೆ ಬಾತುಕೋಳಿಗಿರುವಂತೆ ಚರ್ಮವುಂಟು. ಉತ್ತರ ಅಮೆರಿಕದ ಕಸ್ತೂರಿ ಇಲಿಯ ಬಾಲವು ಎರಡು ಪಕ್ಕಗಳಲ್ಲಿ ಚಪ್ಪಟೆಯಾಗಿ ಚುಕ್ಕಾಣಿಯಂತಿದೆ. ನಮ್ಮ ಹೆಗ್ಗಣಕ್ಕೆ ಇವೆರಡೂ ಇಲ್ಲ. ಮಣ್ಣು ತೋಡುವುದಕ್ಕೆಂದು ಬಲಿತ ಅಂಗಗಳಿಂದಲೇ ಅದು ನೀರಿನಲ್ಲಿಯೂ ಕೆಲಸ ಸಾಗಿಸಿಕೊಳ್ಳುತ್ತದೆ. ಇಲಿಯ ವರ್ಗದ ಪ್ರಾಣಿಗಳು ಈಜುವಾಗ ಸಾಮಾನ್ಯವಾಗಿ ಹಿಂಗಾಲುಗಳನ್ನು ಒಂದಾದ ಮೇಲೊಂದರಂತೆ ಒದೆದು ಮುಂದೆ ಸರಿಯುತ್ತವೆ. ಬಾಲವು ಸಮತೋಲಕ್ಕೆ ನೆರವಾಗುತ್ತದೆ. ಮೂಗು ನೀರಿನ ಮೇಲಿರುತ್ತದೆ. ಕೂದಲಿನ ಸಂದುಗಳಲ್ಲಿ ನಿಂತ ಗಾಳಿಯು ಶರೀರವನ್ನು ತೇಲಿಸುವುದಲ್ಲದೆ ಮೈಯ ಶಾಖವನ್ನೂ ಕಾಯುತ್ತದೆ. ಆದರೆ ಕೂದಲು ಪೂರಾ ನೆನೆದ ಬಳಿಕ ಈ ರಕ್ಷಣೆ ತಪ್ಪಿ ಪ್ರಾಣಿಯು ಚಳಿಗೆ ಸೋಲುತ್ತದೆ. ಆದುದರಿಂದ ಅದು ನೀರಿನಲ್ಲಿ ನೆಲೆಸದೆ ಸಮೀಪದ ಒಣ ಒಡ್ಡನ್ನೇ ಹುಡುಕುತ್ತದೆ.

ಬಿಲದ ರಚನೆಯೂ ಇದಕ್ಕೆ ಅನುಕೂಲವಾಗಿದೆ. ಬಾಯಿಯನ್ನು ಸಡಿಲ ಮಣ್ಣಿನಿಂದ ಮುಚ್ಚುವುದು ಹೆಗ್ಗಣದ ವಾಡಿಕೆ. ಒಳಗೆ ಕವಲುಗಳೂ ಧಾನ್ಯದ ಕಣಜವೂ ಇದ್ದು, ಮೇಲೆ ತೆಳುವಾದ ಮಣ್ಣಿನ ಪದರ ಮಾತ್ರವುಳ್ಳ ಗುಪ್ತದ್ವಾರಗಳಿರುತ್ತವೆ. ಒಂದು ಬಾಯಿಗೆ ನೀರು ಬಿಟ್ಟರೆ ಅದು ಮತ್ತೊಂದನ್ನು ಒಡೆದು ಹೊರಟು, ನಿಂತ ನೀರನ್ನು ಈಜಿ ನೆರೆಯವನ ಹೊಲವನ್ನು ಸೇರುತ್ತದೆ. ಒಬ್ಬನ ಹೊಲದ ಶುದ್ಧಿ ಇನ್ನೊಬ್ಬನಿಗೆ ಕೇಡಾಗುವುದು ಹೀಗೆ!

ಆದಕಾರಣ ಗ್ರಾಮದ ಮುಖಂಡರು ಕಾಲುವೆಯ ಎರಡೂ ದಡಗಳವರನ್ನು ಒಂದೇ ದಿನ ಕೆಲಸಕ್ಕೆ ಕೂಡಿಸುವುದು ಲೇಸು. ಮೊದಲು ಸುತ್ತಲಿನ ದ್ವಾರಗಳನ್ನು ಹುಡುಕಿ, ಪ್ರತಿಯೊಂದರ ಬಳಿಯೂ ಬಡಿಗೆಯವರನ್ನು ನಿಲ್ಲಿಸಿ, ಆಮೇಲೆ ನೀರು ಬಿಡತಕ್ಕದ್ದು. ಅಗಲವಾದ ಒಡ್ಡುಗಳು ಬಿಲಕ್ಕೆ ಹೆಚ್ಚು ಸ್ಥಳವೀಯುವುದರಿಂದ ಗದ್ದೆಯೊಳಗಿನವನ್ನು ಸಣ್ಣದಾಗಿಸಿ ಹುಲ್ಲು ಸವರಬೇಕು. ಕೆರೆಯ ಏರಿಯನ್ನು ಮಾತ್ರ ಕಿರಿದು ಮಾಡಲಾಗದು, ಅಲ್ಲಿಯ ಬಿಲಗಳನ್ನು ಮಳೆಗಾಲಕ್ಕೆ ಮುಂಚೆಯೇ ಅಗೆದು ಮಣ್ಣು ತುಂಬಿ ದಮ್ಮಸ್ಸು ಮಾಡಬೇಕು.

ಇಲಿ ಹೆಗ್ಗಣಗಳ ಮೂತ್ರ ಬೆರೆತ ನೀರಿನಿಂದ ಇಲಿಜ್ವರವು ಅಂಟುವುದುಂಟು. ಕಾಲಿನಲ್ಲಿ ಗಾಯವುಳ್ಳ ಆಳನ್ನು ಇಂಥ ನೀರಿಗೆ ಇಳಿಸಬಾರದು. ಮುಂದಿನ ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ತೋರಿದರೆ ಕೂಡಲೆ ದವಾಖಾನೆಗೆ ಕಳುಹಿಸಿ, ಗದ್ದೆಯ ನೀರಿನಲ್ಲಿ ನಿಂತ ಸಂಗತಿಯನ್ನು ವೈದ್ಯರಿಗೆ ತಿಳಿಸತಕ್ಕದ್ದು.