ಇಂಡಿ ಲಿಂಬೆಯ ಹಳೆ ಉಪ್ಪಿನಕಾಯಿ

ಇಂಡಿ ಲಿಂಬೆಗೆ 2023ರಲ್ಲಿ ಜಿ.ಐ. ಗುರುತು ಬಂದಿತು. ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ನಾವೂ ಸಂತೆಯಲ್ಲಿ "ಇಂಡೀದ ಹೌದೇನೋ ತಮ್ಮಾ?" ಎಂದು ಕೇಳಿಯೇ ಕೊಳ್ಳುವವರು. ಆದರೆ ಹೆಸರಿಗಿಂತ ಕೈಯಿಂದ ನೋಡ್ರಿ. ಸಿಪ್ಪೆ ತೆಳ್ಳಗೆ, ನುಣುಪಾಗಿದ್ದು, ಹಣ್ಣು ಕೈಗೆ ಭಾರ ಹತ್ತಬೇಕು. ಒರಟು ಸಿಪ್ಪೆಯದರಲ್ಲಿ ರಸ ಕಡಿಮೆ.

ಮದುವೆಯಾದ ಹೊಸತರಲ್ಲಿ ನಾನು ನೂರು ಹಣ್ಣು ಕೆಡಿಸಿದೆ. ತೊಳೆದದ್ದನ್ನು ಒರೆಸದೆ ಹೆಚ್ಚಿದ್ದೆ, ಉಪ್ಪಿಗೆ ಜಿಪುಣತನ ಮಾಡಿದ್ದೆ. ಹದಿನೈದು ದಿನಕ್ಕೆ ಬೂಷ್ಟು! ಅತ್ತೆಯವರು ಬೈಯಲಿಲ್ಲ. ತಮ್ಮ ಏಳು ವರ್ಷದ ಭರಣಿ ತೆಗೆದು ಒಂದು ಹೋಳು ನನ್ನ ಬಾಯಿಗಿಟ್ಟರು. ಕಪ್ಪಗೆ, ಬೆಣ್ಣೆಯಂಥ ಮೆತ್ತಗೆ. ನನಗೆ ಅಳುವೇ ಬಂತು.

ಅವರ ಲೆಕ್ಕ ಹೀಗೆ: ಕಿಲೋ ಹಣ್ಣಿಗೆ ಕಾಲು ಕಿಲೋ ಉಪ್ಪು, ಒಂದು ಚಮಚ ಅರಿಶಿನ. ಎಣ್ಣೆ ಬೇಡ. ಚೀನಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಹತ್ತು-ಹನ್ನೆರಡು ದಿನ ಬಿಸಿಲಿಗಿಡಿ, ದಿನಾ ಕುಲುಕಿರಿ. ಹೋಳು ತನ್ನ ರಸದಲ್ಲೇ ಮುಳುಗಿರಬೇಕು. ಸ್ಟೀಲ್ ಡಬ್ಬಿ, ಹಸಿ ಚಮಚ ಎರಡೂ ಬ್ಯಾಡ್ರಿ.

ಆರು ತಿಂಗಳು ಮುಟ್ಟಬೇಡಿ. ಆಮೇಲೆ ಕಡಕ್ ಸಜ್ಜೆ ರೊಟ್ಟಿ, ಕೆನೆಮೊಸರು, ಪಕ್ಕಕ್ಕೆ ಒಂದು ಹೋಳು... ಜ್ವರ ಬಿಟ್ಟ ಬಾಯಿಗೆ ಗಂಜಿಯ ಜೊತೆ ಇನ್ನೂ ರುಚಿ. ರಕ್ತದೊತ್ತಡ ಇದ್ದವರಿಗೆ ಮಾತ್ರ ಉಗುರಿನಷ್ಟೇ ಕೊಡಿ. ನಮ್ಮ ಮನೆಯವರ ಕಣ್ಣಿಗೆ ಬೀಳದಂತೆ ಈಗ ಭರಣಿಯನ್ನು ಅಟ್ಟದ ಮೇಲಿಟ್ಟಿದ್ದೇನೆ.