ನಿಂತ ಕಾರಿನ ಬ್ಯಾಟರಿ ಸುಮ್ಮನೆ ಕೂತಿರೋದಿಲ್ಲ

ಬಸವೇಶ್ವರನಗರದ ಒಳರಸ್ತೆಗಳಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವವರು ನೋಡಿಯೇ ಇರುತ್ತೀರಿ. ರಸ್ತೆಗೊಂದಾದರೂ ಕವರ್ ಹೊದ್ದು ಮಲಗಿದ ಕಾರು ಇದ್ದೇ ಇರುತ್ತೆ. ಕವರ್ ಮೇಲೆ ಹೊಂಗೆ ಎಲೆ, ಪಾರಿವಾಳದ ಹಿಕ್ಕೆ, ಟೈರಿನ ಪಕ್ಕದಲ್ಲಿ ಬೀದಿನಾಯಿಯ ಸಂಸಾರ. ತುದಿ ಎತ್ತಿ ನೋಡಿದರೆ ಒಳಗೆ ಪ್ರೀಮಿಯರ್ ಪದ್ಮಿನಿ, ಇಲ್ಲಾಂದ್ರೆ ಅಂಬಾಸಿಡರ್, ಅಪರೂಪಕ್ಕೊಂದು ಕಾಂಟೆಸ್ಸಾ. ರಾಜಾಜಿನಗರ, ವಿಜಯನಗರದ ಕಡೆಯೂ ಇದೇ ಕಥೆ. ಇಲ್ಲಿ ಸೈಟ್ ಮಾಡಿ ಮನೆ ಕಟ್ಟಿಸಿದ ತಲೆಮಾರು ಸಂಬಳ ಉಳಿಸಿ ಕೊಂಡ ಮೊದಲ ಕಾರುಗಳು ಇವು. 2021ರ ಆಗಸ್ಟ್‌ನಲ್ಲಿ ಮೆಟ್ರೊ ನೇರಳೆ ಮಾರ್ಗ ಕೆಂಗೇರಿ ಮುಟ್ಟಿದ ಮೇಲಂತೂ ಇವಕ್ಕೆ ಕೆಲಸವೇ ಇಲ್ಲ. ಓಡಿಸೋಕೆ ಆಗೋದಿಲ್ಲ, ಮಾರೋಕೆ ಮನಸ್ಸಿಲ್ಲ.

ನಮ್ಮ ದೊಡ್ಡಪ್ಪನ 1988ರ ಪದ್ಮಿನಿಯೂ ಅದೇ ಸಾಲಿನದು. ಆರು ವರ್ಷದಲ್ಲಿ ಅದು ನಾಲ್ಕು ಬ್ಯಾಟರಿ ತಿಂದಿತ್ತು. ನಾಲ್ಕನೆಯದು ಕೈಕೊಟ್ಟದ್ದು 2023ರಲ್ಲಿ, ಸರಿಯಾಗಿ ಆರ್‌ಸಿ ನವೀಕರಣದ ಹೊತ್ತಿಗೆ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ಹೊಸದು ಮಾಡಿಸಬೇಕು, ಅದಕ್ಕೆ ಗಾಡಿಯನ್ನೇ ಆರ್‌ಟಿಒ ಮುಂದೆ ನಿಲ್ಲಿಸಬೇಕು. ಸ್ಟಾರ್ಟೇ ಆಗದ ಗಾಡಿಯನ್ನು ರಾಜಾಜಿನಗರದ ಕಚೇರಿವರೆಗೆ ತಳ್ಕೊಂಡು ಹೋಗೋದಾ? ಸಿಯಾಟಲ್‌ನಲ್ಲಿರುವ ಅಣ್ಣ ಫೋನಿನಲ್ಲೇ ತೀರ್ಪು ಕೊಟ್ಟ: "ಸಾಕಪ್ಪ, ಗುಜರಿಗೆ ಕೊಟ್ಬಿಡಿ." ದೊಡ್ಡಮ್ಮನೂ ಹೂಂ ಅಂದರು. ಎಪ್ಪತ್ತಾರರ ದೊಡ್ಡಪ್ಪ ಏನೂ ಅನ್ನಲಿಲ್ಲ. ಎದ್ದು ಹೋಗಿ ಕಾರಿನ ಕವರ್ ಸರಿಮಾಡಿ ಬಂದರು, ಅಷ್ಟೇ.

ಅದೇ ವರ್ಷ ಅಕ್ಟೋಬರ್ ಕೊನೆಗೆ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಟ್ಯಾಕ್ಸಿಗೆ ಅಲ್ಲಿ ಇಪ್ಪತ್ತು ವರ್ಷದ ಮಿತಿ ಇದೆ, ಅದು ಕಾನೂನಿನ ಮಾತು. ನಮ್ಮ ಮನೆಯ ಗಾಡಿಯನ್ನು ಗುಜರಿ ಕಡೆಗೆ ತಳ್ಳುತ್ತಿದ್ದದ್ದು ಯಾವ ಕಾನೂನೂ ಅಲ್ಲ, ಇಂಜಿನ್ನೂ ಅಲ್ಲ, ತುಕ್ಕೂ ಅಲ್ಲ. ಹನ್ನೊಂದು ಕೇಜಿಯ ಒಂದು ಪ್ಲಾಸ್ಟಿಕ್ ಡಬ್ಬ. ಹಳೇ ಕಾರು ಇರುವ ಮನೆಗಳಲ್ಲಿ ಕೇಳಿ ನೋಡಿ, ಗುಜರಿ ಮಾತು ಮೊದಲು ಬರೋದು ಬ್ಯಾಟರಿ ಸತ್ತ ದಿನವೇ.

ಮುದ್ದೆ ಪಾತ್ರೆಯ ಲೆಕ್ಕ

ಕಾರು ನಿಂತಿದ್ದರೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತೆ. ಸೀಸ-ಆಮ್ಲದ ಬ್ಯಾಟರಿ ಏನೂ ಕೆಲಸ ಮಾಡದೆ ತನ್ನಷ್ಟಕ್ಕೆ ತಿಂಗಳಿಗೆ ಶೇ 3ರಿಂದ 5ರಷ್ಟು ಚಾರ್ಜ್ ಕಳ್ಕೊಳ್ಳುತ್ತೆ. ಬಿಸಿ ಹತ್ತು ಡಿಗ್ರಿ ಏರಿದರೆ ಈ ಸೋರಿಕೆ ಹೆಚ್ಚುಕಡಿಮೆ ಎರಡರಷ್ಟು. ಹಳೇ ಕಾರಿನ ಬಗ್ಗೆ ವಿದೇಶಿ ಪುಸ್ತಕಗಳು ಚಳಿಗಾಲದಲ್ಲಿ ಬ್ಯಾಟರಿ ಹೆಪ್ಪುಗಟ್ಟೀತು ಅಂತ ಹೆದರಿಸುತ್ತವೆ. ನಮಗೆ ಆ ಭಯ ಬೇಡ. ನಮ್ಮ ಶತ್ರು ಏಪ್ರಿಲ್ ತಿಂಗಳ ತಗಡಿನ ಶೆಡ್ಡು.

ಚಾರ್ಜ್ ಇಳಿದಾಗ ಒಳಗಿನ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿ ವಾಪಸ್ ಹೋಗುತ್ತೆ. ವಾರಗಟ್ಟಲೆ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತೆ. ಮುದ್ದೆ ಮಾಡಿದ ಪಾತ್ರೆ ನೆನಪಿಸಿಕೊಳ್ಳಿ. ಊಟ ಆದ ತಕ್ಷಣ ನೀರು ಹಾಕಿಟ್ಟರೆ ಸಲೀಸಾಗಿ ಬಿಡುತ್ತೆ, ಎರಡು ದಿನ ಬಿಟ್ಟರೆ ಕೆರೆದರೂ ಹೋಗಲ್ಲ. ಹಾಗೆ ಗಟ್ಟಿಯಾದಷ್ಟು ಜಾಗದಲ್ಲಿ ಮತ್ತೆ ಚಾರ್ಜ್ ನಿಲ್ಲೋದಿಲ್ಲ. ನಮ್ಮ ನಾಲ್ಕೂ ಬ್ಯಾಟರಿ ಸತ್ತದ್ದು ಹೀಗೆ. ವಯಸ್ಸಾಗಿ ಅಲ್ಲ, ಹಸಿದು.

ನಾನು ಮೊದಲು ತಂದದ್ದು ಒಂದು ಸಾದಾ ಮಲ್ಟಿಮೀಟರ್. ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿಗೆ ಬೆಳಿಗ್ಗೆ ಹಿಡಿದು ನೋಡಿದರೆ 12.6 ವೋಲ್ಟ್ ಅಥವಾ ಮೇಲಿದ್ದರೆ ಹೊಟ್ಟೆ ತುಂಬಿದೆ ಅಂತ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12 ತೋರಿಸಿದರೆ 'ಪರವಾಗಿಲ್ಲ, 12 ವೋಲ್ಟ್ ಬ್ಯಾಟರಿ ತಾನೆ' ಅಂತ ಖುಷಿಪಡಬೇಡಿ, ಅದು ಹೆಚ್ಚುಕಮ್ಮಿ ಖಾಲಿ. ನನ್ನ ನಿಯಮ ಸರಳ: 12.4ಕ್ಕೆ ಇಳಿಯೋಕೆ ಬಿಡೋದಿಲ್ಲ.

ಭಾನುವಾರದ ಐದು ನಿಮಿಷ

ದೊಡ್ಡಪ್ಪನಿಗೆ ಒಂದು ಶಿಸ್ತಿತ್ತು. ಪ್ರತಿ ಭಾನುವಾರ ಕಾಫಿ ಆದ ಮೇಲೆ ಕಾರು ಸ್ಟಾರ್ಟ್ ಮಾಡಿ, ಐದು ನಿಮಿಷ ಗುರ್ ಅನ್ನಿಸಿ, ಆಫ್ ಮಾಡೋದು. "ಬ್ಯಾಟರಿ ಚಾರ್ಜ್ ಆಗ್ತದೆ ಕಣೋ" ಅನ್ನೋರು. ಬೀದಿಬೀದಿಯಲ್ಲಿ ಎಲ್ಲ ಹಿರಿಯರೂ ಮಾಡೋದು ಇದನ್ನೇ. ಅವರ ಶ್ರದ್ಧೆಗೆ ಕೈಮುಗಿಯೋಣ, ಲೆಕ್ಕವನ್ನೂ ನೋಡೋಣ.

ವಾರ ನಿಂತ ಕಾರಿನ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಆರಿಹೋಗಿರುತ್ತೆ. ಪದ್ಮಿನಿಯ ಪೆಟ್ರೋಲ್ ಪಂಪ್ ಇಂಜಿನ್ ತಿರುಗಿದರೆ ಮಾತ್ರ ಎಳೆಯೋದು. ಹಾಗಾಗಿ ಒಂದೇ ಸಲಕ್ಕೆ ಸ್ಟಾರ್ಟ್ ಆಗಲ್ಲ, ಆರೇಳು ಸಲ ಸೆಲ್ಫ್ ಹೊಡೀಬೇಕು. ಸ್ಟಾರ್ಟರ್ 150 ಆಂಪಿಯರ್ ಎಳೆಯುತ್ತೆ ಅಂತ ಹಿಡಿದರೆ, ಒಟ್ಟು ಒಂದು ನಿಮಿಷ ಸೆಲ್ಫ್ ಹೊಡೆದದ್ದಕ್ಕೆ ಎರಡೂವರೆ ಆಂಪಿಯರ್-ಅವರ್ ಖರ್ಚು. 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅದು ಶೇ 7. ಐದು ನಿಮಿಷ ಐಡಲ್‌ನಲ್ಲಿ ಅಷ್ಟು ವಾಪಸ್ ಬರುತ್ತಾ? ಹಳೇ ಫಿಯಟ್‌ಗಳಲ್ಲಿ ಆಲ್ಟರ್ನೇಟರ್ ಇರಲಿಲ್ಲ, ಡೈನಮೊ ಇತ್ತು. ಡೈನಮೊ ಐಡಲ್‌ನಲ್ಲಿ ಏನೂ ಕೊಡೋದಿಲ್ಲ ಅಂತಲೇ ಹೇಳಬಹುದು, ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕುತ್ತಿರೋದು ಅದಕ್ಕೇ. ಆಲ್ಟರ್ನೇಟರ್ ಇದ್ದರೂ ಐದು ನಿಮಿಷ ಸಾಲದು. ಪ್ರತಿ ಭಾನುವಾರ ಕೊಡೋದಕ್ಕಿಂತ ಕಿತ್ಕೊಳ್ಳೋದೇ ಜಾಸ್ತಿ ಆಯ್ತು. ಸಾಲದ್ದಕ್ಕೆ ಇಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರ್ ಒಳಗೆ ನೀರು ಕೂತು ತುಕ್ಕು ಬೇರೆ.

ಸ್ಟಾರ್ಟ್ ಮಾಡಿದರೆ ಓಡಿಸಬೇಕು. ಈಗ ನಾವು ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಆರಕ್ಕೆ ಮಾಗಡಿ ರಸ್ತೆ ಹಿಡಿದು ತಾವರೆಕೆರೆವರೆಗೆ ಹೋಗಿ ಬರ್ತೀವಿ. ಹೋಗೋಕೆ ಆಗದ ವಾರ ಕೀಯನ್ನು ಮುಟ್ಟೋದೇ ಇಲ್ಲ.

ಇನ್ನೊಂದು ಕಳ್ಳ ಇರ್ತಾನೆ. ಹಳೇ ಕಾರಿಗೆ ಹೊಸದಾಗಿ ಹಾಕಿಸಿದ ಸ್ಟೀರಿಯೊ, ಅಲಾರಂ, ಸೆಂಟ್ರಲ್ ಲಾಕ್. ಇವು ಆಫ್ ಆಗಿದ್ದಾಗಲೂ ಒಂದಿಷ್ಟು ಕುಡಿಯುತ್ತವೆ. ಬರೀ 20 ಮಿಲಿಆಂಪಿಯರ್ ಅಂದುಕೊಳ್ಳಿ, ಒಂದು ತಿಂಗಳಿಗೆ 14 ಆಂಪಿಯರ್-ಅವರ್ ಮೀರಿತು. ಬ್ಯಾಟರಿಯ ಶೇ 40 ಅದಕ್ಕೇ ಹೋಯ್ತು. ಆದ್ದರಿಂದ ಕಾರು ನಿಲ್ಲಿಸಿದ ಮೇಲೆ ನೆಗೆಟಿವ್ ವೈರ್ ಬಿಚ್ಚಿಡಿ. ಮೊದಲು ನೆಗೆಟಿವ್ ಯಾಕೆ ಅಂದರೆ, ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿ ಹಾರಲ್ಲ. ವಾಪಸ್ ಹಾಕುವಾಗ ಅದು ಕೊನೆಗೆ. ದಿನಾ ಬಿಚ್ಚೋದು ರಗಳೆ ಅನ್ನಿಸಿದರೆ ಜೆ.ಸಿ. ರಸ್ತೆಯಲ್ಲಿ ಬ್ಯಾಟರಿ ಕಟ್-ಆಫ್ ಸ್ವಿಚ್ ಕೇಳಿ ನೋಡಿ, ಒಂದು ತಿರುವಿಗೆ ಕನೆಕ್ಷನ್ ಕಟ್. ನಮ್ಮ ಕಡೆ ಇದಕ್ಕೆ ಇನ್ನೊಂದು ಲಾಭವಿದೆ: ಹೆಗ್ಗಣ. ಮಳೆಗಾಲದಲ್ಲಿ ಬಾನೆಟ್ ಒಳಗೆ ಸೇರಿ ವೈರ್ ಕಡಿದರೂ, ಕರೆಂಟ್ ಇಲ್ಲದ ವೈರಿನಿಂದ ಬೆಂಕಿ ಹತ್ತಲ್ಲ.

ಇನ್ನೂ ಹಳೇ ಗಾಡಿ ಇರುವವರು ಸ್ವಲ್ಪ ನಿಲ್ಲಿ. ಐವತ್ತರ ದಶಕದ ಮಾರಿಸ್, ಆಸ್ಟಿನ್‌ನಂಥ ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಸೇರಿಸಿರುವುದು ಪಾಸಿಟಿವ್ ತುದಿ. ಹಳೇ ಬೀಟಲ್‌ನಂಥ ಕೆಲವಲ್ಲಿ ಬ್ಯಾಟರಿಯೇ 6 ವೋಲ್ಟ್. ಯಾವ ವೈರ್ ಬಾಡಿಗೆ ಹೋಗಿದೆ, ಎಷ್ಟು ವೋಲ್ಟ್ ಅಂತ ನೋಡದೆ ಚಾರ್ಜರ್ ಆಗಲಿ, ಪಕ್ಕದ ಮನೆ ಕಾರಿನ ಜಂಪರ್ ಕೇಬಲ್ ಆಗಲಿ ಹಚ್ಚಬೇಡಿ.

ಇನ್ನು ಚಾರ್ಜರ್. ವೈರ್ ಬಿಚ್ಚಿಟ್ಟರೂ ತನ್ನಷ್ಟಕ್ಕೆ ಆಗುವ ಸೋರಿಕೆ ನಿಲ್ಲೋದಿಲ್ಲವಲ್ಲ. ಕೊಳ್ಳುವುದಾದರೆ ತಾನೇ ಕಡಿಮೆ ಮಾಡಿಕೊಳ್ಳುವ ಆಟೊಮ್ಯಾಟಿಕ್ ಚಾರ್ಜರ್ ಕೊಳ್ಳಿ. ಬ್ಯಾಟರಿ ತುಂಬಿದ ಮೇಲೆ ಅದು ಸುಮಾರು 13.5 ವೋಲ್ಟ್‌ಗೆ ಇಳಿದು ಬರೀ ಸೋರಿಕೆಯಷ್ಟನ್ನೇ ತುಂಬಿಸುತ್ತಾ ಇರುತ್ತೆ. ಅಗ್ಗದ ಮಾಮೂಲಿ ಚಾರ್ಜರ್‌ಗೆ ನಿಲ್ಲಿಸೋದು ಗೊತ್ತಿಲ್ಲ. ಮರೆತು ಎರಡು ದಿನ ಬಿಟ್ಟರೆ ಒಳಗಿನ ನೀರು ಕುದಿದು ಪ್ಲೇಟ್ ಒಣಗುತ್ತೆ. ಕರೆಂಟ್ ಬ್ಯಾಟರಿಯ ಸಾಮರ್ಥ್ಯದ ಹತ್ತನೇ ಒಂದರಷ್ಟಿದ್ದರೆ ಸಾಕು, 35ರದಕ್ಕೆ ಮೂರೂವರೆ ಆಂಪಿಯರ್. 'ಮೇಂಟೆನೆನ್ಸ್ ಫ್ರೀ' ಅಂತ ಬರೆದಿದೆ, ನಮಗೆ ಇದೆಲ್ಲ ಬೇಡ ಅಂತೀರಾ? ನೀರು ಹಾಕೋದು ಬೇಡ ಅಂತಷ್ಟೇ ಅದರ ಅರ್ಥ, ಚಾರ್ಜ್ ಬೇಡ ಅಂತಲ್ಲ.

ಅಪಾರ್ಟ್‌ಮೆಂಟಿನಲ್ಲಿ ಇರೋರಿಗೆ ನಿಜವಾದ ಕಷ್ಟ ಇಲ್ಲೇ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಪ್ಲಗ್ ಪಾಯಿಂಟ್ ಇರಲ್ಲ, ಕೇಳಿದರೆ ಅಸೋಸಿಯೇಷನ್ ಮೀಟಿಂಗು. ಕೆಂಗೇರಿ ಉಪನಗರದಲ್ಲಿರುವ ನನ್ನ ಗೆಳೆಯ ತಿಂಗಳಿಗೊಮ್ಮೆ ಬ್ಯಾಟರಿಯನ್ನೇ ಬಿಚ್ಚಿ ಲಿಫ್ಟಲ್ಲಿ ತಂದು ಬಾಲ್ಕನಿಯಲ್ಲಿ ರಾತ್ರಿಯಿಡೀ ಚಾರ್ಜ್ ಮಾಡ್ತಾನೆ. ಬಾಲ್ಕನಿಯೇ ಸರಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ, ಗಾಳಿಯಲ್ಲಿ ಅದು ಶೇ 4 ಸೇರಿದರೆ ಒಂದು ಕಿಡಿ ಸಾಕು. ಬಾಗಿಲು ಮುಚ್ಚಿದ ರೂಮು ಬೇಡ, ಗ್ಯಾಸ್ ಒಲೆಯ ಪಕ್ಕ ಬೇಡ, ದೇವರ ದೀಪದ ಹತ್ತಿರವಂತೂ ಬೇಡವೇ ಬೇಡ. ಬರಿ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತೆ ಅನ್ನೋದು ರಬ್ಬರ್ ಡಬ್ಬದ ಕಾಲದ ಮಾತು, ಈಗಿನ ಪ್ಲಾಸ್ಟಿಕ್ ಡಬ್ಬಕ್ಕೆ ಅನ್ವಯಿಸಲ್ಲ. ದೊಡ್ಡಪ್ಪ ಆದರೂ ಕೆಳಗೊಂದು ಹಲಗೆ ಇಟ್ಟೇ ಇಡ್ತಾರೆ. ಇರಲಿ ಬಿಡಿ, ಆ್ಯಸಿಡ್ ತೊಟ್ಟಿಕ್ಕಿದರೆ ಟೈಲ್ಸ್ ಉಳಿಯುತ್ತೆ.

ನೀರಿನ ಮುಚ್ಚಳ ಇರುವ ಬ್ಯಾಟರಿಯಾದರೆ ಪ್ಲೇಟ್ ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಇರಬೇಕು. ಬೋರ್‌ವೆಲ್ ನೀರು ಕೂಡದು, ಕಾವೇರಿ ನೀರೂ ಕೂಡದು, ಎರಡರಲ್ಲೂ ಲವಣ ಇದೆ. ಆ್ಯಸಿಡ್ ಎಂದೂ ಸೇರಿಸಬೇಡಿ, ಆವಿಯಾಗಿ ಹೋಗೋದು ನೀರು ಮಾತ್ರ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ವೈರ್ ಬಿಚ್ಚಿ, ಅಡುಗೆ ಸೋಡ ಹಾಕಿದ ಬಿಸಿನೀರಿನಲ್ಲಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಒರೆಸಿ, ವ್ಯಾಸಲೀನ್ ಹಚ್ಚಿ. ಸೋಡ ನೀರು ಮಾತ್ರ ಮುಚ್ಚಳದ ಒಳಗೆ ಇಳಿಯಬಾರದು. ಕೈಗವಸು, ಕನ್ನಡಕ ಇರಲಿ.

2023ರಲ್ಲಿ ಹಾಕಿದ ಐದನೇ ಬ್ಯಾಟರಿಯೇ ಈಗಲೂ ಇದೆ. ಗಾಡಿ ತನ್ನ ಕಾಲ ಮೇಲೆ ಆರ್‌ಟಿಒಗೆ ಹೋಗಿ ಬಂತು, ಆರ್‌ಸಿ ನವೀಕರಣ ಆಯ್ತು. ಗುಜರಿ ಮಾತು ನಿಂತಿದೆ. ಆಯುಧಪೂಜೆ ದಿನ ನಿಂಬೆಹಣ್ಣು ಹತ್ತಿಸೋಕೆ ಅಕ್ಕಪಕ್ಕದ ಹುಡುಗರನ್ನು ಕರೆದು ತಳ್ಳಿಸೋದೂ ತಪ್ಪಿದೆ.

ಬ್ಯಾಟರಿ ನಿಜಕ್ಕೂ ಮುಗಿದಿದ್ದರೆ, ಹೊಸದು ಕೊಳ್ಳುವಾಗ ಅಂಗಡಿಯಲ್ಲೇ ಮೀಟರ್ ಹಿಡಿಯಿರಿ. ತಯಾರಾದ ತಿಂಗಳು ಕೇಳಿ. ವರ್ಷಗಟ್ಟಲೆ ರ‍್ಯಾಕ್‌ನಲ್ಲಿ ಕೂತದ್ದು ಅಲ್ಲೇ ಅರ್ಧ ಹಸಿದಿರುತ್ತೆ, 12.5ಕ್ಕಿಂತ ಕಮ್ಮಿ ತೋರಿಸಿದರೆ ಬೇರೆಯದು ಕೊಡಿ ಅನ್ನಿ. ಹಳೆಯದನ್ನು ಅಂಗಡಿಗೇ ವಾಪಸ್ ಕೊಡಿ, ಅದರ ಸೀಸಕ್ಕೆ ಬೆಲೆ ಇದೆ, ಬಿಲ್ಲಿನಲ್ಲಿ ಕಳೆದುಕೊಳ್ಳುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ಮನೆಯ ಕಸದ ಜೊತೆ ಹೋಗುವಂತಿಲ್ಲ.