ಬೆಟ್ಟವಿಲ್ಲದ ಊರಿನ ಹುಡುಗಿಯರು ಬಂಡೆ ಹತ್ತಬೇಕೆಂದರೆ

"ಗೋಳಗುಮ್ಮಟ ಬಿಟ್ರ ನಮ್ಮೂರಾಗ ಹತ್ತಾಕ ಏನೈತ್ರೀ?" ವಿಜಯಪುರದ ಯಾವ ಕಾಲೇಜಿನ ಹುಡುಗಿಯರ ಮುಂದೆ ಬಂಡೆ ಹತ್ತುವ ಮಾತು ತೆಗೆದರೂ ಬರುವ ಮೊದಲ ಪ್ರಶ್ನೆ ಇದು. ಅದರಲ್ಲಿ ಸುಳ್ಳೇನೂ ಇಲ್ಲ. ನಮ್ಮ ನೆಲ ಕೋಟ್ಯಂತರ ವರ್ಷಗಳ ಹಿಂದೆ ಲಾವಾರಸ ಹರಿದು ಪದರ ಪದರವಾಗಿ ಗಟ್ಟಿಯಾದದ್ದು. ಕೆಳಗೆ ಕರಿಕಲ್ಲು, ಮೇಲೆ ಕಪ್ಪು ಎರೆಮಣ್ಣು. ಜೋಳಕ್ಕೆ ಒಳ್ಳೇದು, ಬಂಡೆ ಹತ್ತೋರಿಗೆ ಏನೂ ಉಪಯೋಗವಿಲ್ಲ. ಟಿಕೋಟಾ ಕಡೆ ಹೋದರೆ ದ್ರಾಕ್ಷಿ ಪಡ, ಬಬಲೇಶ್ವರದ ಕಡೆ ಹೋದರೆ ಬಯಲು.

ನಾನು ಟಿಕೋಟಾ ಕಡೆಯವಳು. ಕೆಲಸ ಮಾಡೋದು ವಿಜಯಪುರದಲ್ಲಿ. ಭಾನುವಾರ ಬೆಳಗ್ಗೆ ಕಾಲೇಜು, ಯೂನಿವರ್ಸಿಟಿ ಹುಡುಗಿಯರ ಒಂದು ಸಣ್ಣ ಗುಂಪಿನ ಜೊತೆ ನಡೆಯುತ್ತೇನೆ, ಸೈಕಲ್ ಹೊಡೆಯುತ್ತೇನೆ. ಚಳಿಗಾಲ ಬಂತೆಂದರೆ ಎಲ್ಲರೂ ಸೇರಿ ಬಾದಾಮಿಗೆ ಹೋಗುತ್ತೇವೆ. ಇಷ್ಟು ದಿನ ನೋಡಿದ ಮೇಲೆ ನನಗೆ ಅನ್ನಿಸಿದ್ದು ಒಂದೇ. ನಮ್ಮ ಹುಡುಗಿಯರಿಗೆ ಕೊರತೆ ಇರುವುದು ಬೆಟ್ಟದ್ದಲ್ಲ, ಜೊತೆಗೆ ಬರುವವರದು.

ಮೊದಲ ಮೆಟ್ಟಿಲು ಊರೊಳಗೇ ಇದೆ

ಬಂಡೆ ಹತ್ತೋಕೆ ಮೊದಲು ಬೇಕಾಗುವುದು ತೋಳಿನ ಶಕ್ತಿಯಲ್ಲ, ಕಾಲು ಮತ್ತು ಉಸಿರು. ಅದಕ್ಕೆ ಗೋಳಗುಮ್ಮಟವೇ ಸಾಕು. ನಾಲ್ಕು ಮೂಲೆಯ ಗೋಪುರಗಳು ಏಳು ಅಂತಸ್ತಿನವು, ಒಳಗಿನ ಮೆಟ್ಟಿಲು ಇಕ್ಕಟ್ಟು, ಕಡಿದು. ಬಾಗಿಲು ತೆಗೆಯುತ್ತಲೇ ಹೋದರೆ ಕೂಗಿ ಪ್ರತಿಧ್ವನಿ ಕೇಳುವವರ ಗದ್ದಲ ಇರೋದಿಲ್ಲ. ಒಂದೇ ಸಮ ಉಸಿರಾಡುತ್ತ, ನಿಲ್ಲದೆ ಮೇಲೆ ಹೋಗಿ. ಮೊದಲ ವಾರ ಏದುಸಿರು ಬಂದವರಿಗೆ ಒಂದೆರಡು ತಿಂಗಳಲ್ಲಿ ಮಾತಾಡುತ್ತಾ ಹತ್ತೋದು ರೂಢಿಯಾಗುತ್ತದೆ.

ಎತ್ತರದ ಅಂಜಿಕೆ ಇರುವವರು ಉಪ್ಪಲಿ ಬುರುಜಿನಿಂದ ಶುರು ಮಾಡಬಹುದು. 1584ರಲ್ಲಿ ಕಟ್ಟಿದ ಈ ಬುರುಜು ಸುಮಾರು 80 ಅಡಿ ಎತ್ತರ. ಮೆಟ್ಟಿಲು ಹೊರಗೋಡೆಯನ್ನೇ ಸುತ್ತಿಕೊಂಡು ಹೋಗುವುದರಿಂದ ಕೆಳಗಿನ ನೆಲ ದೂರ ಸರಿಯೋದು ಕಣ್ಣಿಗೆ ಕಾಣುತ್ತಿರುತ್ತದೆ. ನಡೆಯೋರಿಗೆ ಸುಮಾರು 10 ಕಿಲೋಮೀಟರ್ ಸುತ್ತಳತೆಯ ಹಳೆಯ ಕೋಟೆಗೋಡೆ ಇದೆ. ಅದರ ಗುಂಟ ಒಂದು ಸುತ್ತು ಹಾಕಿದರೆ ಭಾನುವಾರದ ಬೆಳಗು ಸಾರ್ಥಕ.

ಒಂದು ಮಾತು ಮಾತ್ರ ನೆನಪಿರಲಿ: ಹತ್ತೋದು ಮೆಟ್ಟಿಲನ್ನ, ಗೋಡೆಯನ್ನಲ್ಲ. ಚಿತ್ರದುರ್ಗದ ಜ್ಯೋತಿರಾಜ್ ಕೋಟೆಗೋಡೆಯನ್ನು ಬರಿಗೈಯಲ್ಲಿ ಹತ್ತುವ ವಿಡಿಯೋ ಎಲ್ಲರ ಫೋನಿನಲ್ಲೂ ಬಂದಿರುತ್ತದೆ. ಅದು ಅವರ ವರ್ಷಗಟ್ಟಲೆ ಅಭ್ಯಾಸ, ನೋಡಿ ಕಲಿಯುವಂಥದ್ದಲ್ಲ. ಮೇಲಾಗಿ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ.

ಸೈಕಲ್ ಹತ್ತಿ ಟಿಕೋಟಾ, ಬಬಲೇಶ್ವರ

ದೇಶಕ್ಕೆ ಸೈಕ್ಲಿಸ್ಟ್‌ಗಳನ್ನು ಕೊಟ್ಟ ಜಿಲ್ಲೆ ನಮ್ಮದು. ಬೆಳಗಿನ ಜಾವ ಹೆದ್ದಾರಿಯಲ್ಲಿ ಸಾಲಾಗಿ ಸೈಕಲ್ ಹೊಡೆಯುವ ಹುಡುಗ ಹುಡುಗಿಯರು ಇಲ್ಲಿ ಹೊಸ ನೋಟವೇನಲ್ಲ. ರೇಸ್ ಸೈಕಲ್ ಇರಲೇಬೇಕೆಂದಿಲ್ಲ, ಬ್ರೇಕ್ ಸರಿ ಇದ್ದರೆ ಮನೆಯ ಸೈಕಲ್ಲೇ ಸಾಕು.

ನಮ್ಮ ಗುಂಪಿನ ಮೊದಲ ದಾರಿ ತೊರವಿಗೆ. ಮಹಿಳಾ ವಿಶ್ವವಿದ್ಯಾಲಯ ಇರೋದೂ ಅಲ್ಲೇ ಆದ್ದರಿಂದ ಹಾಸ್ಟೆಲಿನ ಹುಡುಗಿಯರಿಗೆ ಇದು ಹಿತ್ತಲ ದಾರಿ ಇದ್ದಂತೆ. ಎರಡನೇ ಇಬ್ರಾಹಿಂ ಆದಿಲ್ ಶಾಹ ಕಟ್ಟಿಸಲು ಹೊರಟಿದ್ದ ನವರಸಪುರದ ಅವಶೇಷಗಳು, ಸಂಗೀತ ಮಹಲು ಎಲ್ಲಾ ಇಲ್ಲೇ ಸಿಗುತ್ತವೆ. ಮುಂದೆ ಹೋದರೆ ಟಿಕೋಟಾ. ವಿಜಯಪುರದಿಂದ ಅಲ್ಲಿಗೆ 20 ಕಿಲೋಮೀಟರ್ ಆಸುಪಾಸು, ಹೋಗಿ ಬಂದರೆ ಅರ್ಧ ದಿನ.

ಎರಡನೆಯ ದಾರಿ ಬಬಲೇಶ್ವರದ್ದು. ಸಾರವಾಡದ ಹತ್ತಿರ ಡೋಣಿ ದಾಟಬೇಕು. ಮಳೆಗಾಲದಲ್ಲಿ ಈ ನದಿಯನ್ನು ನಂಬಬೇಡಿ, ಸಪ್ಪಗೆ ಹರಿಯುತ್ತಿದ್ದದ್ದು ಒಂದೇ ರಾತ್ರಿಯಲ್ಲಿ ತುಂಬಿ ಬರುತ್ತದೆ. ಇನ್ನೂ ಕಾಲಲ್ಲಿ ಕಸುವಿದ್ದರೆ ಆದಿಲಶಾಹಿ ಕಾಲದ ಮಮದಾಪುರದ ದೊಡ್ಡ ಕೆರೆಯವರೆಗೂ ಹೋಗಬಹುದು. ಚಳಿಗಾಲದ ಬೆಳಗ್ಗೆ ಕೆರೆ ಏರಿಯ ಮೇಲೆ ನಿಂತು ಹಕ್ಕಿ ನೋಡೋದಕ್ಕೆ ದುಡ್ಡು ಬೇಕಾಗಿಲ್ಲ. ಆದರೆ ಕಾಲುವೆಯಲ್ಲಾಗಲಿ ಕೆರೆಯಲ್ಲಾಗಲಿ ಈಜೋಕೆ ಇಳಿಯಬೇಡಿ. ಕಾಲುವೆಯ ಜಾರು ದಂಡೆಯ ಮೇಲೆ ಹಿಡಿಯಲು ಏನೂ ಸಿಗೋದಿಲ್ಲ.

ಹತ್ತೋದು ನಮಗೆ ಹೊಸದಲ್ಲ

"ಇದೆಲ್ಲಾ ಬೆಂಗಳೂರಿನವರ ಶೋಕಿ" ಅನ್ನುವವರಿಗೆ ನಾನು ಹೇಳೋದಿಷ್ಟು. ಯುಗಾದಿ ಹತ್ತಿರ ಬಂದಾಗ ನಮ್ಮ ಭಾಗದಿಂದ ಎಷ್ಟು ಜನ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ ನೋಡಿ. ರಣಬಿಸಿಲು, ಕಾಲಲ್ಲಿ ಬೊಬ್ಬೆ, ಕೊನೆಗೆ ನಲ್ಲಮಲ ಕಾಡಿನ ಏರು. ಇದಕ್ಕಿಂತ ದೊಡ್ಡ ಟ್ರೆಕ್ಕಿಂಗ್ ಯಾವುದಿದೆ? ಅದರಲ್ಲಿ ನಮ್ಮ ಅವ್ವಂದಿರು, ಆಯಿಗಳೂ ಇರುತ್ತಾರೆ. ಬಾಗಲಕೋಟೆ ಕಡೆಯ ಹಾಲೋಕುಳಿಯಲ್ಲಿ ಜಾರುವ ಕಂಬ ಹತ್ತೋದು ನೋಡಲು ಊರಿಗೆ ಊರೇ ಸೇರುತ್ತದೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವವರಿಗೆ ಶಿಳ್ಳೆ ಹೊಡೆಯುವವರೂ ನಾವೇ. ತುಳಸಿಗೇರಿ, ಲಕ್ಷ್ಮೇಶ್ವರದಂಥ ಊರುಗಳಲ್ಲಿ ಮಲ್ಲಗಂಬದ ಅಭ್ಯಾಸ ಇಂದಿಗೂ ಇದೆ.

ಮೈಯ ಕಸುವನ್ನು ಮೆಚ್ಚುವ ಸೀಮೆ ನಮ್ಮದು. ಜಾತ್ರೆಯ ಕಂಬ, ಕಲ್ಲು ಹೆಚ್ಚಾಗಿ ಗಂಡುಹುಡುಗರ ಪಾಲಿಗೆ ಹೋದವು, ಅಷ್ಟೇ. ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವ ಆಟದಲ್ಲಿ ಹಾಗಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪೋಲೆಂಡಿನ ಅಲೆಕ್ಸಾಂದ್ರಾ ಮಿರೋಸ್ಲಾವ್ 15 ಮೀಟರ್ ಗೋಡೆಯನ್ನು 6.10 ಸೆಕೆಂಡಿನಲ್ಲಿ ಹತ್ತಿ ಚಿನ್ನ ಗೆದ್ದರು. ನೀವು ಈ ಸಾಲು ಓದಿ ಮುಗಿಸುವಷ್ಟು ಹೊತ್ತು!

ಬಾದಾಮಿ: ನಮ್ಮ ರೈಲಿನ ದಾರಿಯಲ್ಲೇ

ನಮ್ಮ ಕರಿಕಲ್ಲಿಗಿಂತ ಎಷ್ಟೋ ಪಟ್ಟು ಹಳೆಯದು ಬಾದಾಮಿಯ ಕೆಂಪು ಮರಳುಗಲ್ಲು. ಗಟ್ಟಿಯಾಗಿರುತ್ತದೆ, ಅಡ್ಡ ಪದರಗಳಿರುವುದರಿಂದ ಬೆರಳಿಗೆ ಹಿಡಿತ, ಹೆಬ್ಬೆರಳಿಗೆ ಮೆಟ್ಟು ಸಿಗುತ್ತದೆ. ಇದನ್ನು ಹತ್ತೋದಕ್ಕೆಂದೇ ಹೊರದೇಶದವರು ಬರುತ್ತಾರೆ. ನಮಗೆ ಮಾತ್ರ ಬಾದಾಮಿ ಎಂದರೆ ಮೇಣಬಸದಿ ಮತ್ತು ಬನಶಂಕರಿ. ವಿಜಯಪುರದಿಂದ ರೈಲು ನೇರವಾಗಿದೆ, ಮೂರು ತಾಸಿನ ಆಸುಪಾಸು.

ಯುವಜನ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಡಿ ಇರುವ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಬಾದಾಮಿಯಲ್ಲಿ ಬಂಡೆ ಹತ್ತುವ ತರಬೇತಿ ನಡೆಸುತ್ತದೆ. ಕಾಲೇಜಿನ ಮೂಲಕ, ಎನ್‌ಎಸ್‌ಎಸ್ ಅಥವಾ ದೈಹಿಕ ಶಿಕ್ಷಣ ವಿಭಾಗದ ಮೂಲಕ ಗುಂಪಾಗಿ ಕೇಳಿದರೆ ಮನೆಯವರಿಗೂ ಧೈರ್ಯ, ಸಂಸ್ಥೆಗೂ ಅನುಕೂಲ. ಹೋಗುವುದಾದರೆ ನವೆಂಬರಿನಿಂದ ಫೆಬ್ರುವರಿಯೊಳಗೆ. ಮಾರ್ಚ್ ಬಂದರೆ ಕಲ್ಲು ಹೆಂಚಿನಂತೆ ಕಾಯುತ್ತದೆ.

ಹೊಸಬರಿಗೆ ಹಗ್ಗವನ್ನು ಮೇಲಿನಿಂದಲೇ ಇಳಿಬಿಟ್ಟಿರುತ್ತಾರೆ. ಸೊಂಟಕ್ಕೆ ಹಾರ್ನೆಸ್, ತಲೆಗೆ ಹೆಲ್ಮೆಟ್. ಹಗ್ಗದ ಒಂದು ತುದಿ ಎಂಟರ ಆಕಾರದ ಗಂಟಿನಿಂದ ಹತ್ತುವವಳ ಹಾರ್ನೆಸ್‌ಗೆ, ಇನ್ನೊಂದು ಬದಿ ಕೆಳಗೆ ನಿಂತವರ ಕೈಯಲ್ಲಿ. ಇವಳು ಏರಿದಂತೆ ಅವರು ಹಗ್ಗ ಎಳೆದುಕೊಳ್ಳುತ್ತಾರೆ. ಇದಕ್ಕೆ ಬಿಲೇ ಅನ್ನುತ್ತಾರೆ. ಕೈ ಜಾರಿದರೆ ಸ್ವಲ್ಪ ಕೆಳಗೆ ಬಂದು ಹಗ್ಗದಲ್ಲಿ ತೂಗಾಡುತ್ತಾಳೆ, ನೆಲಕ್ಕೆ ಬೀಳೋದಿಲ್ಲ. ಹತ್ತುವ ಮುಂಚೆ ಒಬ್ಬರ ಗಂಟನ್ನು ಇನ್ನೊಬ್ಬರು ಮುಟ್ಟಿ ನೋಡಲೇಬೇಕು. ಎಷ್ಟೇ ಪಳಗಿದವರಾದರೂ ಈ ನಿಯಮ ತಪ್ಪೋದಿಲ್ಲ.

ಹೊಸಬರು ಮಾಡೋದೇನೆಂದರೆ ಕೈಯಿಂದಲೇ ಮೈ ಎಳೆದುಕೊಳ್ಳೋದು. ಹತ್ತು ನಿಮಿಷದಲ್ಲಿ ಮುಂಗೈ ಕಲ್ಲಾಗುತ್ತದೆ. "ಕಾಲು ನೋಡ್ರಿ, ಕಾಲು!" ಅಂತ ತರಬೇತುದಾರರು ಕೂಗುತ್ತಲೇ ಇರುತ್ತಾರೆ. ಹೊಲದ ಬದುವಿನ ಮೇಲೆ ಬುಟ್ಟಿ ಹೊತ್ತು ನಡೆದ ಹುಡುಗಿಯರಿಗೆ ಇದು ಬೇಗ ಹತ್ತುತ್ತದೆ, ಜಿಮ್ಮಿಗೆ ಹೋದವರಿಗಿಂತ ಬೇಗ.

"ಬಿದ್ರ ಯಾರು ಹೊಣಿ?"

ನಮ್ಮ ಗುಂಪಿನ ಒಬ್ಬ ಹುಡುಗಿಯ ಮನೆಗೆ ಅನುಮತಿ ಕೇಳಲು ಹೋಗಿದ್ದೆ. ಅಪ್ಪ ದ್ರಾಕ್ಷಿ ಪಡದಲ್ಲಿದ್ದರು. ಅವ್ವ ಚಹಾ ಕೊಟ್ಟು ನೇರವಾಗಿ ಕೇಳಿದರು, "ಬಿದ್ರ ಯಾರು ಹೊಣಿ ಯವ್ವಾ? ನಾಳೆ ಬೀಗರು ಬಂದು ಕೈಯಾಗಿನ ಕಲಿ ನೋಡಿ, ಇದೇನಾತು ಅಂದ್ರ ಏನ್ ಹೇಳ್ಲಿ?"

ಈ ಪ್ರಶ್ನೆಗೆ ನಗಬಾರದು. ಸಾಹಸ, ಸ್ವಾತಂತ್ರ್ಯ ಅಂತ ಭಾಷಣ ಮಾಡಿದರೆ ಬಾಗಿಲು ಮುಚ್ಚುತ್ತದೆ. ಅವರು ಕೇಳುತ್ತಿರುವುದು ಸರಿಯಾದ ಪ್ರಶ್ನೆಯನ್ನೇ: ಜವಾಬ್ದಾರಿ ಯಾರದು? ಯಾರು ಕಲಿಸುತ್ತಾರೆ, ಎಷ್ಟು ಜನ ಹೆಣ್ಣುಮಕ್ಕಳು ಜೊತೆಗಿರುತ್ತಾರೆ, ಎಲ್ಲಿ ಉಳಿಯುತ್ತಾರೆ, ಯಾವ ರೈಲಿಗೆ ವಾಪಸ್ಸು ಅನ್ನೋದನ್ನ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಫೋನಿನಲ್ಲಿ ಹಗ್ಗ, ಹಾರ್ನೆಸ್ ತೋರಿಸಿದೆ. ಕೊನೆಗೆ, "ನೀವೂ ಬರ್ರಲಾ" ಅಂದೆ. ಒಂದು ಕ್ಷಣ ಸುಮ್ಮನಿದ್ದು, "ಬನಶಂಕರಿ ದರ್ಶನ ಆಕ್ಕೈತೇನು?" ಅಂದರು.

ಬಂದರು. ಬುತ್ತಿ ಕಟ್ಟಿಕೊಂಡೇ ಬಂದರು. ಕಟಕ್ ರೊಟ್ಟಿ, ಶೇಂಗಾ ಚಟ್ನಿ. ಬೆಳಗ್ಗೆ ದೇವಿಯ ದರ್ಶನ, ಆಮೇಲೆ ಬಂಡೆಯ ಕೆಳಗೆ ನೆರಳಿನಲ್ಲಿ ಕೂತರು. ಮಗಳು ಅರ್ಧ ಹತ್ತಿ ನಿಂತಳು. ಕಾಲು ನಡುಗುತ್ತಿತ್ತು. "ಇಳಸ್ರಿ" ಅಂತ ಅಳುದನಿಯಲ್ಲಿ ಕೂಗಿದಳು. ಈಗ ಅವ್ವ ಎದ್ದು ಬಂದು ಬೈಯುತ್ತಾರೆ ಅಂದುಕೊಂಡೆ. ಅವರು ಎದ್ದದ್ದು ನಿಜ. ಆದರೆ ಕಣ್ಣಿಗೆ ಕೈ ಅಡ್ಡ ಹಿಡಿದು ಬಂಡೆ ನೋಡಿ, "ಎಡಗಾಲ ಮಗ್ಗಲಕ್ಕ ಒಂದ್ ಗೂಡ ಐತಿ ನೋಡ, ಅಲ್ಲಿಡು" ಅಂದರು. ಕೆಳಗಿದ್ದ ನಮಗ್ಯಾರಿಗೂ ಅದು ಕಂಡಿರಲಿಲ್ಲ.

ಹುಡುಗಿ ಕಾಲಿಟ್ಟಳು. ಇನ್ನೂ ಐದಾರು ಅಡಿ ಏರಿದಳು, ತುದಿ ಮುಟ್ಟಲಿಲ್ಲ. ಕೆಳಗೆ ಬಂದವಳ ಅಂಗೈ ನೋಡಿ ಅವ್ವ, ಚರ್ಮ ಕೆತ್ತಿದ್ದಕ್ಕೆ ಎಣ್ಣೆ ಹಚ್ಚು ಅಂದರು, ಅಷ್ಟೇ. ಮಧ್ಯಾಹ್ನ ಊಟವಾದ ಮೇಲೆ ತರಬೇತುದಾರರ ಹತ್ತಿರ ತಾವೇ ಹೋಗಿ, "ಇನ್ನೊಮ್ಮೆ ಹತ್ತಲಿ ಬಿಡ್ರಿ ಈಕಿ" ಅಂದರು. ಈಗ ಆ ಓಣಿಯ ಬೇರೆ ಮನೆಗಳಿಗೆ ಅನುಮತಿ ಕೇಳಲು ನಾನು ಹೋಗಬೇಕಾಗಿಲ್ಲ, ಅವರೇ ಹೋಗುತ್ತಾರೆ.

ಹೋಗುವ ಮುಂಚೆ ಇಷ್ಟು ಕೇಳಿ

ಯಾವ ತಂಡದ ಜೊತೆ ಹೋದರೂ ಸಂಕೋಚವಿಲ್ಲದೆ ಕೇಳಿ. ಉತ್ತರ ಕೊಡಲು ತಡವರಿಸಿದರೆ ವಾಪಸ್ ಬನ್ನಿ.

• ಕಲಿಸುವವರು ತರಬೇತಿ ಪಡೆದದ್ದು ಎಲ್ಲಿ? ಮಹಿಳಾ ತರಬೇತುದಾರರು ಇದ್ದಾರೆಯೇ?

• ಪ್ರತಿಯೊಬ್ಬರಿಗೂ ಹೆಲ್ಮೆಟ್ ಇದೆಯೇ? ಹಗ್ಗ, ಹಾರ್ನೆಸ್ ಎಷ್ಟು ಹಳೆಯವು? ಹೊಲಿಗೆ ಕಿತ್ತಿದ್ದರೆ, ನೂಲು ಎದ್ದಿದ್ದರೆ ಮುಟ್ಟಬೇಡಿ.

• ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿದೆ? ಹತ್ತಿರದ ಆಸ್ಪತ್ರೆ ಎಷ್ಟು ದೂರ? ಗಾಡಿ ಇದೆಯೇ?

• ಶೌಚಾಲಯ ಎಲ್ಲಿದೆ? ಹುಡುಗಿಯರು ಇದನ್ನು ಕೇಳಲು ನಾಚಿ ದಿನವಿಡೀ ನೀರು ಕುಡಿಯದೆ ಇರುತ್ತಾರೆ, ಬಿಸಿಲಲ್ಲಿ ತಲೆ ತಿರುಗುವುದು ಇದರಿಂದಲೇ.

• ಹತ್ತುವ ಜಾಗಕ್ಕೆ ಅನುಮತಿ ಇದೆಯೇ? ಗುಹೆ, ಗುಡಿ, ಕೋಟೆಯ ಹತ್ತಿರದ ಬಂಡೆ ಬೇಡ.

ಬಟ್ಟೆಯ ಚಿಂತೆ ಬೇಡ. ಸಡಿಲವಾದ ಪ್ಯಾಂಟು, ಉದ್ದ ತೋಳಿನ ಕುರ್ತಾ ಆಗುತ್ತದೆ. ದುಪಟ್ಟಾ, ಬಳೆ, ಉಂಗುರ, ಕೊರಳ ಸರ ಮಾತ್ರ ಬೇಡವೇ ಬೇಡ. ಜಡೆ ಬಿಗಿಯಾಗಿ ಕಟ್ಟಿ ಹೆಲ್ಮೆಟ್ಟಿನ ಕೆಳಗೆ ಸೇರಿಸಿ. ಅತ್ತರು ಹಚ್ಚಿಕೊಂಡು ಹೋಗಬೇಡಿ, ಬಂಡೆಯ ಮೇಲೆ ಹೆಜ್ಜೇನು ಇರುತ್ತವೆ. ಬುತ್ತಿ ಬಿಚ್ಚುವಾಗ ಮಂಗ್ಯಾಗಳ ಮೇಲೂ ಒಂದು ಕಣ್ಣಿರಲಿ.

ಬಾದಾಮಿ ಆದ ಮೇಲೆ

ರುಚಿ ಹತ್ತಿದವರಿಗೆ ದಾರಿ ಬಹಳ. ಎನ್‌ಸಿಸಿಯಲ್ಲಿದ್ದರೆ ಬೆಳಗಾವಿಯ ಅಖಿಲ ಭಾರತ ಚಾರಣ ಶಿಬಿರಕ್ಕೆ ಹೆಸರು ಕೊಡಬಹುದು. ಹಂಪಿಯ ಗ್ರಾನೈಟ್ ಗುಂಡುಗಳ ಮೇಲೆ ಹಗ್ಗವಿಲ್ಲದೆ, ಕೆಳಗೆ ದಪ್ಪ ಹಾಸು ಹಾಕಿ ಹತ್ತುವ ಬೌಲ್ಡರಿಂಗ್ ಇದೆ. ಬೆಂಗಳೂರಿಗೆ ಕೆಲಸಕ್ಕೆ ಹೋದವರಿಗೆ ಕಂಠೀರವ ಕ್ರೀಡಾಂಗಣದಲ್ಲಿ ಕೃತಕ ಗೋಡೆ ಇದೆ. ಇನ್ನೂ ಮುಂದಕ್ಕೆ ಹೋಗಬೇಕೆಂದರೆ ಡಾರ್ಜಿಲಿಂಗ್, ಉತ್ತರಕಾಶಿ, ಮನಾಲಿಯ ಪರ್ವತಾರೋಹಣ ಸಂಸ್ಥೆಗಳಲ್ಲಿ ಸುಮಾರು ನಾಲ್ಕು ವಾರದ ಮೂಲ ಕೋರ್ಸು. ಬಚೇಂದ್ರಿ ಪಾಲ್ 1984ರಲ್ಲಿ ಎವರೆಸ್ಟ್ ಏರುವ ಮುಂಚೆ ಕಲಿತದ್ದು ಉತ್ತರಕಾಶಿಯಲ್ಲೇ. ನಮ್ಮ ಹುಬ್ಬಳ್ಳಿಯ ನಂದಿತಾ ನಾಗನಗೌಡರ್ 2016ರಲ್ಲಿ ಆ ಶಿಖರ ಮುಟ್ಟಿದರು.

ಎಲ್ಲರೂ ಎವರೆಸ್ಟಿಗೆ ಹೋಗಬೇಕಿಲ್ಲ. ನಮ್ಮ ಗುಂಪಿನಲ್ಲಿ ಬಾದಾಮಿಯ ನಂತರ ಮತ್ತೆ ಬಂಡೆ ಮುಟ್ಟದವರೂ ಇದ್ದಾರೆ. ಆದರೆ ಅದರಲ್ಲೊಬ್ಬಳು ಇಂಟರ್‌ವ್ಯೂಗೆ ಒಬ್ಬಳೇ ಪುಣೆಗೆ ಹೋಗಿಬಂದಳು. "ಅಷ್ಟೆತ್ತರಕ್ಕ ಹೋಗಿ ಇಳದ್ ಬಂದೀನಿ, ರೈಲಿಗೇನ್ರಿ" ಅಂದಳು.

ಇದನ್ನು ಓದುತ್ತಿರುವ ನೀವು ಕೆಲಸಕ್ಕೆ ಸೇರಿ ನಾಲ್ಕೈದು ವರ್ಷ ಆಗಿರಬಹುದು. ಮನೆಯಲ್ಲಿ ಕಾಲೇಜಿಗೆ ಹೋಗುವ ತಂಗಿ ಇರಬಹುದು, ಅಣ್ಣನ ಮಗಳು ಇರಬಹುದು. ಅವಳಿಗೆ ಶೂ ಕೊಡಿಸುವುದಕ್ಕಿಂತ ದೊಡ್ಡದು, "ನಾ ಜೊತಿಗೆ ಬರ್ತೀನಿ, ಕಳಸ್ರಿ" ಅಂತ ಮನೆಯವರ ಮುಂದೆ ಹೇಳೋದು. ಬರುವ ನವೆಂಬರಿನಲ್ಲಿ ಒಂದು ಭಾನುವಾರ ತೆಗೆದಿಡಿ. ರೊಟ್ಟಿ ಕಟ್ಟಿಸಿಕೊಳ್ಳೋದು ಮರೆಯಬೇಡಿ.